ಆ್ಯಂಡಿ ಮಿನಾರ್ಸ್ಕಿ: ಪದೇ ಪದೇ ಕೇಳುವ ಪ್ರಶ್ನೆಗಳು

ಎರಡನೇ ಮಹಾಯುದ್ಧದ ಲ್ಯಾಂಕಾಸ್ಟರ್ ಬಾಂಬರ್‌ಗಳ ಮಾತು ಬಂದಾಗ ಈ ಹುಡುಗನ ಹೆಸರು ಬಂದೇ ಬರುತ್ತದೆ. ಹಿಂದೆಯೇ ಪ್ರಶ್ನೆಗಳೂ ಬರುತ್ತವೆ. ಮಾತಿನಲ್ಲಿ, ಕಾಗದದಲ್ಲಿ, ಕಾಮೆಂಟಿನಲ್ಲಿ ಜನ ಕೇಳಿದ್ದನ್ನು ಅವರ ಮಾತಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ಸುಲಭದ್ದು ಮೊದಲು, ತಲೆ ತಿನ್ನುವಂಥದ್ದು ಕೊನೆಗೆ.

## ಮೊದಲಿಗೆ

ಯಾರಪ್ಪಾ ಈ ಮಿನಾರ್ಸ್ಕಿ? ಹೆಸರೇ ಕೇಳಿಲ್ಲವಲ್ಲ?

ಕೆನಡಾದ ವಿನಿಪೆಗ್ ಊರಿನವನು. ಪೂರ್ತಿ ಹೆಸರು ಆ್ಯಂಡ್ರೂ ಚಾರ್ಲ್ಸ್ ಮಿನಾರ್ಸ್ಕಿ, ಹುಟ್ಟಿದ್ದು 1916ರ ಅಕ್ಟೋಬರ್ 14ರಂದು. ರಾಯಲ್ ಕೆನಡಿಯನ್ ಏರ್ ಫೋರ್ಸ್‌ನಲ್ಲಿ ಗನ್ನರ್ ಆಗಿದ್ದ. 1944ರ ಜೂನ್ 12ರ ರಾತ್ರಿ ಹೊರಟ ಅವನ ವಿಮಾನಕ್ಕೆ ಮಧ್ಯರಾತ್ರಿ ಕಳೆದ ಮೇಲೆ ಉತ್ತರ ಫ್ರಾನ್ಸಿನ ಆಕಾಶದಲ್ಲಿ ಬೆಂಕಿ ಹತ್ತಿತು. ಹಾರಿಕೊಳ್ಳುವ ಬಾಗಿಲು ಅವನ ಪಕ್ಕದಲ್ಲೇ ಇತ್ತು. ಆದರೆ ಬಾಲದ ತುದಿಯಲ್ಲಿ ಗೆಳೆಯನೊಬ್ಬ ಸಿಕ್ಕಿಕೊಂಡಿದ್ದ. ಅವನನ್ನು ಬಿಡಿಸಲು ಇವನು ಬೆಂಕಿಯೊಳಗೇ ತೆವಳಿಕೊಂಡು ಹೋದ. ಬಿಡಿಸಲು ಆಗಲಿಲ್ಲ. ಕೊನೆಗೆ ಮೈಮೇಲಿನ ಬಟ್ಟೆ, ಪ್ಯಾರಾಚೂಟ್ ಎಲ್ಲ ಉರಿಯುತ್ತಿರುವಾಗಲೇ ಹಾರಿದ, ಸುಟ್ಟ ಗಾಯಗಳಿಂದ ಸತ್ತ. ಸಿಕ್ಕಿಕೊಂಡಿದ್ದ ಗೆಳೆಯ ಬದುಕಿದ! ಈ ಕಥೆ ಇಷ್ಟು ಜನಕ್ಕೆ ಗೊತ್ತಾಗಿದ್ದೇ ಆ ಗೆಳೆಯ ಬದುಕಿ ಬಂದು ಹೇಳಿದ್ದರಿಂದ.

ಸತ್ತಾಗ ಅವನಿಗೆ 27 ವರ್ಷ. ಆಮೇಲೆ ವಿಕ್ಟೋರಿಯಾ ಕ್ರಾಸ್ ಅನ್ನುವ ಶೌರ್ಯ ಪದಕ ಕೊಟ್ಟರು.

ಚಿಕ್ಕಂದಿನಿಂದಲೇ ಧೈರ್ಯವಂತನಾ? ಮಿಲಿಟರಿ ಮನೆತನವಾ?

ಎರಡೂ ಅಲ್ಲ. ಅಪ್ಪ ಅಮ್ಮ ಪೋಲೆಂಡಿನಿಂದ ವಲಸೆ ಬಂದವರು. ಮನೆ ತುಂಬ ಮಕ್ಕಳು, ಕೈಯಲ್ಲಿ ಕಾಸು ಕಡಿಮೆ. ಇವನಿಗೆ 16 ಇದ್ದಾಗ ಅಪ್ಪ ತೀರಿಕೊಂಡರು. ಮನೆ ನಡೆಯಬೇಕಲ್ಲ, ಹುಡುಗ ತುಪ್ಪಳದ ಬಟ್ಟೆ ಮಾಡುವವರ ಹತ್ತಿರ ಚರ್ಮ ಕತ್ತರಿಸುವ ಕೆಲಸಕ್ಕೆ ಸೇರಿದ. ಬಿಡುವಾದಾಗ ಮರಗೆಲಸ, ಆಟಿಕೆ ವಿಮಾನ ಮಾಡುವ ಹುಚ್ಚು ಇತ್ತು.

1941ರಲ್ಲಿ ವಾಯುಪಡೆ ಸೇರಿದ. ಮೊದಲು ಕ್ಯಾಲ್ಗರಿಯ ವೈರ್‌ಲೆಸ್ ಶಾಲೆಗೆ ಹಾಕಿದರು. ಟಕ್ಕು ಟಕ್ಕು ಸದ್ದಿನಲ್ಲಿ ಸಂದೇಶ ಕಳಿಸುವ ಮೋರ್ಸ್ ಕೋಡ್ ತಲೆಗೆ ಹತ್ತಲಿಲ್ಲ. ಆಮೇಲೆ ಗನ್ನರಿ ಶಾಲೆಗೆ ಕಳಿಸಿದರು, ಅಲ್ಲಿ ಪಾಸಾದ. ಈ ವಿವರ ನನಗೆ ಇಷ್ಟ. ಟಕ್ಕು ಟಕ್ಕು ಸದ್ದು ಬೇಗ ಕಲಿತಿದ್ದರೆ ಆ ರಾತ್ರಿ ಅವನು ಕೂರುತ್ತಿದ್ದ ಜಾಗವೇ ಬೇರೆ.

ಒಂದು ವಿಮಾನಕ್ಕೆ ಏಳು ಜನ ಯಾಕೆ? ಪೈಲಟ್ ಒಬ್ಬ ಸಾಕಲ್ವಾ?

ಲ್ಯಾಂಕಾಸ್ಟರ್ ದೊಡ್ಡ ವಿಮಾನ. ನಾಲ್ಕು ಮರ್ಲಿನ್ ಎಂಜಿನ್, ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 31 ಮೀಟರ್. ಕತ್ತಲಲ್ಲಿ, ದೀಪ ಆರಿಸಿಕೊಂಡು, ಐದಾರು ಗಂಟೆ ಶತ್ರುವಿನ ಆಕಾಶದಲ್ಲಿ ಹಾರಬೇಕು. ಒಬ್ಬನಿಂದ ಆಗುವ ಕೆಲಸವಲ್ಲ.

ಮಿನಾರ್ಸ್ಕಿ ತಂಡವನ್ನೇ ತೆಗೆದುಕೊಳ್ಳಿ. ಪೈಲಟ್ ಆರ್ಟ್ ಡಿ ಬ್ರೇನ್, ಅವನೇ ಕ್ಯಾಪ್ಟನ್. ಎಂಜಿನ್ ನೋಡಿಕೊಳ್ಳುವ ಫ್ಲೈಟ್ ಎಂಜಿನಿಯರ್ ರಾಯ್ ವಿಗರ್ಸ್, ತಂಡದಲ್ಲಿದ್ದ ಒಬ್ಬನೇ ಇಂಗ್ಲಿಷಿನವನು. ದಾರಿ ಲೆಕ್ಕ ಹಾಕುವ ನ್ಯಾವಿಗೇಟರ್ ಬಾಬ್ ಬೋಡಿ. ಬಾಂಬ್ ಬೀಳಿಸುವವನು ಜ್ಯಾಕ್ ಫ್ರೈಡೇ. ವೈರ್‌ಲೆಸ್ ಜಿಮ್ ಕೆಲ್ಲಿ. ಇವರು ಐವರೂ ಮುಂದೆ. ವಿಮಾನದ ಬೆನ್ನ ಮೇಲಿನ ಗನ್ ಗೋಪುರದಲ್ಲಿ ಮಿನಾರ್ಸ್ಕಿ. ಬಾಲದ ತುತ್ತತುದಿಯಲ್ಲಿ ಒಬ್ಬಂಟಿಯಾಗಿ ಪ್ಯಾಟ್ ಬ್ರೋಫಿ.

ಮಿನಾರ್ಸ್ಕಿಗೂ ಬ್ರೋಫಿಗೂ ಗಾಢ ಸ್ನೇಹ. ಬ್ರೋಫಿ ಅಧಿಕಾರಿ, ಇವನು ಅವನಿಗಿಂತ ಕೆಳಗಿನ ದರ್ಜೆಯವನು. ರಾತ್ರಿ ಬೀಳ್ಕೊಡುವಾಗ ಇವನು ಬೇಕಂತಲೇ ಸೆಟೆದು ನಿಂತು ಸಲ್ಯೂಟ್ ಹೊಡೆದು ‘ಗುಡ್ ನೈಟ್, ಸರ್’ ಅನ್ನುತ್ತಿದ್ದ. ಇಬ್ಬರ ನಡುವಿನ ತಮಾಷೆ ಅದು.

ಈ ಕೆಲಸದಲ್ಲಿ ಬದುಕಿ ವಾಪಸ್ ಬರೋ ಚಾನ್ಸ್ ಎಷ್ಟಿತ್ತು?

ಕಡಿಮೆ. ಬ್ರಿಟನ್ನಿನ ವಾಯುಪಡೆಯಲ್ಲಿ ಬಾಂಬರ್ ವಿಮಾನಗಳನ್ನು ನಡೆಸುತ್ತಿದ್ದ ಬಾಂಬರ್ ಕಮಾಂಡ್‌ನಲ್ಲಿ ಹಾರಿದವರು ಸುಮಾರು 1,25,000 ಜನ. ಸತ್ತವರು 55,573. ನೂರಕ್ಕೆ 44! ಅದರಲ್ಲಿ ಹತ್ತು ಸಾವಿರದ ಹತ್ತಿರ ಕೆನಡಾದವರು. ಒಂದು ಸರದಿ ಮುಗಿಯಬೇಕಾದರೆ 30 ದಾಳಿ ಮುಗಿಸಬೇಕು, ಆಮೇಲೆ ಕೆಲವು ತಿಂಗಳು ಬಿಡುವು. 1943ರ ಕೊನೆ, 1944ರ ಶುರುವಿನಲ್ಲಿ ಮೂವತ್ತು ಮುಟ್ಟಿದವರಿಗಿಂತ ಮುಟ್ಟದವರೇ ಜಾಸ್ತಿ. ಇವರೆಲ್ಲ ಸ್ವಂತ ಇಷ್ಟದಿಂದ ಬಂದವರು ಅನ್ನುವುದನ್ನೂ ಸೇರಿಸಬೇಕು. ಬಾಂಬರ್ ಕಮಾಂಡ್‌ನಲ್ಲಿ ಹಾರಲು ಯಾರನ್ನೂ ಬಲವಂತವಾಗಿ ಕಳಿಸುತ್ತಿರಲಿಲ್ಲ.

## ಆ ರಾತ್ರಿ

ಅವತ್ತು ಎಲ್ಲಿಗೆ ಹೊರಟಿದ್ದರು, ಯಾಕೆ?

ಫ್ರಾನ್ಸಿನ ಕಾಂಬ್ರೇ ಊರಿನ ರೈಲ್ವೆ ಯಾರ್ಡಿಗೆ. ಜೂನ್ 6ಕ್ಕೆ ಮಿತ್ರಪಡೆಗಳು ನಾರ್ಮಂಡಿಯ ತೀರದಲ್ಲಿ ಇಳಿದಿದ್ದವು, ಒಂದು ವಾರವೂ ಆಗಿರಲಿಲ್ಲ. ಜರ್ಮನ್ನರು ರೈಲಿನಲ್ಲಿ ಸೈನ್ಯ, ಟ್ಯಾಂಕ್ ತುಂಬಿಕೊಂಡು ಅಲ್ಲಿಗೆ ನುಗ್ಗದ ಹಾಗೆ ಹಳಿಗಳನ್ನೇ ಕೆಡಿಸುವುದು ಲೆಕ್ಕಾಚಾರ. ಅದೇ ರಾತ್ರಿ ಬೇರೆ ಬಾಂಬರ್‌ಗಳು ಅರಾಸ್, ಆಮಿಯಾಂ ಕಡೆಗೂ ಹೋಗಿದ್ದವು.

ಇವರು ಹೊರಟಿದ್ದು ಇಂಗ್ಲೆಂಡಿನ ಉತ್ತರ ಭಾಗದ ಮಿಡ್ಲ್‌ಟನ್ ಸೇಂಟ್ ಜಾರ್ಜ್ ನೆಲೆಯಿಂದ. 419ನೇ ಸ್ಕ್ವಾಡ್ರನ್. ವಿಮಾನದ ನಂಬರ್ ಕೆಬಿ 726, ಕೆನಡಾದಲ್ಲೇ ತಯಾರಾದ ಲ್ಯಾಂಕಾಸ್ಟರ್.

ಹದಿಮೂರರ ಕಥೆ, ನಾಲ್ಕೆಲೆಯ ಕಥೆ ನಿಜಾನಾ, ಆಮೇಲೆ ಕಟ್ಟಿದ್ದಾ?

ಅದು ಆ ತಂಡದ 13ನೇ ದಾಳಿ. ಗುರಿ ಮುಟ್ಟಬೇಕಾಗಿದ್ದು ಮಧ್ಯರಾತ್ರಿಯ ನಂತರ, ಅಂದರೆ 13ನೇ ತಾರೀಕು. ಇಷ್ಟು ನಿಜ. ಅವರ ಕಡೆ 13 ಅಂದರೆ ಅಪಶಕುನ, ಶುಕ್ರವಾರ ಬಂದ 13 ಅಂತೂ ಇನ್ನೂ ಕೆಟ್ಟದ್ದು. ಸಾಲದ್ದಕ್ಕೆ ಬಾಂಬ್ ಬೀಳಿಸುವವನ ಹೆಸರೇ ಫ್ರೈಡೇ, ಅಂದರೆ ಶುಕ್ರವಾರ. ಕಥೆ ಕಟ್ಟಿದವರಿಗೂ ಇಷ್ಟು ಹೊಂದಿಸಲು ಬರುತ್ತಿರಲಿಲ್ಲ.

ಹೊರಡುವ ಮೊದಲು ಹುಲ್ಲಿನ ಮೇಲೆ ಕೂತು ಕಾಯುವಾಗ ಮಿನಾರ್ಸ್ಕಿಗೆ ನಾಲ್ಕೆಲೆಯ ಕ್ಲೋವರ್ ಗಿಡದ ಕಡ್ಡಿಯೊಂದು ಸಿಕ್ಕಿತು. ಆ ಗಿಡದಲ್ಲಿ ಸಾಮಾನ್ಯವಾಗಿ ಮೂರೇ ಎಲೆ, ನಾಲ್ಕು ಸಿಕ್ಕರೆ ಅದೃಷ್ಟ ಅಂತ ಅವರ ಕಡೆ ನಂಬಿಕೆ. ಅವನು ಅದನ್ನು ತಾನು ಇಟ್ಟುಕೊಳ್ಳದೆ ಬ್ರೋಫಿಗೆ ಕೊಟ್ಟ. ಇದನ್ನು ಹೇಳಿದವನು ಬ್ರೋಫಿಯೇ. ಅದೃಷ್ಟದ ಎಲೆ ಪಡೆದವನು ಬದುಕಿದ, ಕೊಟ್ಟವನು ಸತ್ತ ಅಂತ ಜನ ಇದರ ಮೇಲೆ ಬಹಳ ಬರೆಯುತ್ತಾರೆ. ನಾನು ಅದಕ್ಕೆ ಅಷ್ಟು ಬೆಲೆ ಕೊಡುವುದಿಲ್ಲ. ಗೆಳೆಯರು ಸಿಕ್ಕಿದ್ದನ್ನು ಹಂಚಿಕೊಳ್ಳುತ್ತಾರೆ, ಅಷ್ಟೇ.

ಅಷ್ಟೊಂದು ಗನ್ ಇದ್ದೂ ಹೊಡೆತ ಹೇಗೆ ಬಿತ್ತು?

ಹಿಂದಿನಿಂದ, ಕೆಳಗಿನಿಂದ ಬಂತು. ಲ್ಯಾಂಕಾಸ್ಟರ್‌ನ ದೊಡ್ಡ ಕುರುಡು ಜಾಗವೇ ಹೊಟ್ಟೆಯ ಕೆಳಗೆ. ಬಹುತೇಕ ವಿಮಾನಗಳಲ್ಲಿ ಅಲ್ಲಿ ಗನ್ನೂ ಇರಲಿಲ್ಲ, ನೋಡಲು ಕಿಟಕಿಯೂ ಇರಲಿಲ್ಲ. ಜರ್ಮನ್ ರಾತ್ರಿ ಫೈಟರ್‌ಗಳಿಗೆ ಇದು ಚೆನ್ನಾಗಿ ಗೊತ್ತಿತ್ತು. ಇವರ ಮೇಲೆ ಬಿದ್ದಿದ್ದು ಯುಂಕರ್ಸ್ 88. ಎಡ ರೆಕ್ಕೆಯ ಎರಡೂ ಎಂಜಿನ್ ನಿಂತವು. ರೆಕ್ಕೆಗೆ ಬೆಂಕಿ ಹತ್ತಿತು. ಜೊತೆಗೇ ಇಬ್ಬರು ಗನ್ನರ್‌ಗಳ ಮಧ್ಯದ ಜಾಗದಲ್ಲೂ ಬೆಂಕಿ ಎದ್ದಿತು. ವಿಮಾನ ಉಳಿಯುವುದಿಲ್ಲ ಅಂತ ಗೊತ್ತಾಗಿ ಡಿ ಬ್ರೇನ್ ಎಲ್ಲರಿಗೂ ಹಾರಲು ಹೇಳಿದ.

ಬ್ರೋಫಿ ಯಾಕೆ ಹೊರಗೆ ಬರಲಿಲ್ಲ? ಬಾಗಿಲು ತೆಗೆದು ಹಾರಬಹುದಿತ್ತಲ್ಲ?

ಈ ಪ್ರಶ್ನೆ ಎಲ್ಲಕ್ಕಿಂತ ಜಾಸ್ತಿ ಬರುತ್ತದೆ. ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕಂದರೆ ಇದು ಅರ್ಥವಾಗದಿದ್ದರೆ ಮಿನಾರ್ಸ್ಕಿ ಮಾಡಿದ್ದು ಅರ್ಥವಾಗುವುದಿಲ್ಲ.

ಬಾಲದ ಗೋಪುರ ಅಂದರೆ ಒಬ್ಬ ಮನುಷ್ಯ ಮೊಣಕಾಲು ಮಡಚಿ ಕೂರುವಷ್ಟೇ ಜಾಗ, ಮುಂದೆ ನಾಲ್ಕು ಬ್ರೌನಿಂಗ್ ಗನ್. ಅದು ಎಡಕ್ಕೂ ಬಲಕ್ಕೂ ತಿರುಗುತ್ತದೆ. ಬಾಗಿಲು ಇರುವುದು ಗನ್ನರ್‌ನ ಬೆನ್ನ ಹಿಂದೆ. ಗನ್ ನೇರ ಹಿಂದಕ್ಕೆ ಮುಖ ಮಾಡಿದ್ದರೆ ಆ ಬಾಗಿಲು ವಿಮಾನದ ಒಳಗೆ ತೆರೆಯುತ್ತದೆ. ಗೋಪುರವನ್ನು ಪೂರ್ತಿ ಪಕ್ಕಕ್ಕೆ ತಿರುಗಿಸಿದರೆ ಅದೇ ಬಾಗಿಲು ಬಯಲಿಗೆ ತೆರೆಯುತ್ತದೆ, ಹಾಗೇ ಹಿಂದಕ್ಕೆ ಉರುಳಿ ಬೀಳಬಹುದು. ನಡುವೆ ಎಲ್ಲೋ ನಿಂತುಬಿಟ್ಟರೆ ಒಳಗೂ ಇಲ್ಲ, ಹೊರಗೂ ಇಲ್ಲ.

ತಿರುಗಿಸುವುದು ಹೈಡ್ರಾಲಿಕ್ ಎಣ್ಣೆಯ ಒತ್ತಡ. ಆ ಒತ್ತಡ ಕೊಡುವ ಪಂಪ್ ಓಡುವುದು ಎಂಜಿನ್ನಿಂದ. ಎಡಗಡೆ ಎಂಜಿನ್‌ಗಳು ನಿಂತವು, ಒತ್ತಡ ಹೋಯಿತು, ಗೋಪುರ ಕಚ್ಚಿಕೊಂಡಿತು. ಇಂಥ ಹೊತ್ತಿಗೆ ಅಂತಲೇ ಕೈಯಲ್ಲಿ ತಿರುಗಿಸುವ ಹಿಡಿಕೆ ಒಂದಿತ್ತು. ಬ್ರೋಫಿ ಇದ್ದಬದ್ದ ಶಕ್ತಿಯೆಲ್ಲ ಹಾಕಿ ತಿರುಗಿಸಿದ. ಅದು ಮುರಿದು ಕೈಗೇ ಬಂತು.

ಮಿನಾರ್ಸ್ಕಿ ಸರಿಯಾಗಿ ಏನು ಮಾಡಿದ?

ತನ್ನ ಗೋಪುರದಿಂದ ಇಳಿದು ಹಿಂದಿನ ಬಾಗಿಲಿಗೆ ಬಂದ. ಅಲ್ಲಿಂದ ಹಾರಬೇಕು. ಆಗ ಬಾಲದ ಕಡೆ ನೋಡಿದ. ಬ್ರೋಫಿ ಇನ್ನೂ ಒಳಗೇ ಇದ್ದಾನೆ.

ಆ ಭಾಗದಲ್ಲಿ ವಿಮಾನದ ಒಡಲು ಕಿರಿದಾಗುತ್ತಾ ಹೋಗುತ್ತದೆ, ನೆಟ್ಟಗೆ ನಡೆಯಲು ಆಗುವುದಿಲ್ಲ. ಅಂಬೆಗಾಲಿನಲ್ಲಿ ಹೋದ, ಉರಿಯುವ ಎಣ್ಣೆಯ ಮೇಲೆಯೇ. ಬೆಂಕಿ ಆರಿಸುವಾಗ ಬಳಸುವ ಕೊಡಲಿ ತೆಗೆದುಕೊಂಡು ಗೋಪುರವನ್ನು ಮೀಟಿ ಬಿಡಿಸಲು ನೋಡಿದ. ಆಗಲಿಲ್ಲ. ಕೊಡಲಿ ಬಿಸಾಡಿ ಬರಿಗೈಯಲ್ಲಿ ಎಳೆದ. ಅಷ್ಟರಲ್ಲಿ ಸೊಂಟದವರೆಗೂ ಬಟ್ಟೆ ಉರಿಯುತ್ತಿತ್ತು, ಪ್ಯಾರಾಚೂಟಿಗೂ ಹತ್ತಿತ್ತು. ಹೋಗು, ಹೋಗು ಅಂತ ಬ್ರೋಫಿ ಒಳಗಿಂದ ಕೈ ಬೀಸಿದ. ಇವನು ಬೆನ್ನು ತಿರುಗಿಸಲಿಲ್ಲ. ಮುಖ ಗೆಳೆಯನ ಕಡೆಗೇ ಇಟ್ಟುಕೊಂಡು ಹಿಂದಕ್ಕೆ ತೆವಳಿದ. ಬಾಗಿಲ ಹತ್ತಿರ ಬಂದವನು ನೆಟ್ಟಗೆ ನಿಂತು ಸಲ್ಯೂಟ್ ಹೊಡೆದ, ಏನೋ ಅಂದ, ಹಾರಿದ. ಆ ಸದ್ದಿನಲ್ಲಿ ಬ್ರೋಫಿಗೆ ಕೇಳಿಸುವ ಮಾತೇ ಇಲ್ಲ. ಆದರೆ ಏನು ಅಂದಿರುತ್ತಾನೆ ಅಂತ ಅವನಿಗೆ ಗೊತ್ತಿತ್ತು, ದಿನಾ ರಾತ್ರಿ ಅನ್ನುತ್ತಿದ್ದದ್ದೇ.

ಹೊಲದಲ್ಲಿದ್ದ ಫ್ರೆಂಚ್ ಜನ ಉರಿಯುತ್ತಾ ಇಳಿಯುತ್ತಿದ್ದ ಮನುಷ್ಯನನ್ನು ಕಂಡರು, ಹುಡುಕಿ ತೆಗೆದರು. ಸುಟ್ಟ ಗಾಯ ವಿಪರೀತ ಇತ್ತು, ಉಳಿಯಲಿಲ್ಲ. ಸಮಾಧಿ ಅಲ್ಲೇ, ಮೆಹಾರಿಕೂರ್ ಹಳ್ಳಿಯ ಸ್ಮಶಾನದಲ್ಲಿದೆ.

ವಿಮಾನವೇ ಬಿದ್ದ ಮೇಲೆ ಬ್ರೋಫಿ ಬದುಕಿದ್ದು ಹೇಗೆ? ನಂಬೋಕಾಗಲ್ಲ.

ನನಗೂ ಮೊದಲ ಸಲ ಓದಿದಾಗ ಹಾಗೇ ಅನಿಸಿತ್ತು. ವಿಮಾನ ಮೂಗು ಕುಕ್ಕಿ ಬೀಳದೆ, ಚಪ್ಪಟೆಯಾಗಿ ನೆಲಕ್ಕೆ ಇಳಿಯುತ್ತಾ ಹೋಯಿತು. ಗೊಡಿಯಾಂಪ್ರೆ ಅನ್ನುವ ಊರಿನ ಹತ್ತಿರ ಒಂದು ಮರಕ್ಕೆ ರೆಕ್ಕೆ ಬಡಿಯಿತು, ಗಿರ್ರನೆ ತಿರುಗಿತು. ಆ ಏಟಿಗೆ ಕಚ್ಚಿಕೊಂಡಿದ್ದ ಗೋಪುರ ಬಿಟ್ಟುಕೊಂಡು ಬ್ರೋಫಿ ಹೊರಗೆ ಎಸೆಯಲ್ಪಟ್ಟ. ಎಚ್ಚರವಾದಾಗ ದೊಡ್ಡ ಗಾಯವೇ ಇಲ್ಲ.

ಸ್ಥಳೀಯ ಪ್ರತಿರೋಧ ಹೋರಾಟಗಾರರು ಅವನನ್ನು ಬಚ್ಚಿಟ್ಟರು. ಸೆಪ್ಟೆಂಬರ್ ಹೊತ್ತಿಗೆ ಇಂಗ್ಲೆಂಡ್ ಸೇರಿದ. ಮಿಕ್ಕವರಲ್ಲಿ ಡಿ ಬ್ರೇನ್, ಕೆಲ್ಲಿ, ಬೋಡಿ ಜರ್ಮನ್ನರ ಕೈಗೆ ಸಿಗದೆ ತಪ್ಪಿಸಿಕೊಂಡರು. ಫ್ರೈಡೇ, ವಿಗರ್ಸ್ ಸೆರೆಯಾದರು. ಏಳರಲ್ಲಿ ಸತ್ತವನು ಮಿನಾರ್ಸ್ಕಿ ಒಬ್ಬನೇ.

## ಆಮೇಲೆ

ವಿಕ್ಟೋರಿಯಾ ಕ್ರಾಸ್ ಅಂದ್ರೆ ನಮ್ಮ ಪರಮವೀರ ಚಕ್ರದ ಥರನಾ?

ಹೌದು, ಬ್ರಿಟನ್ ಮತ್ತು ಅದರ ಕಾಮನ್‌ವೆಲ್ತ್ ಪಡೆಗಳಿಗೆ ಯುದ್ಧದಲ್ಲಿ ತೋರಿದ ಶೌರ್ಯಕ್ಕೆ ಅದಕ್ಕಿಂತ ಮೇಲಿನ ಪದಕ ಇಲ್ಲ. ವಾಯುಪಡೆಯವರಿಗೆ ಸಿಗುವುದು ಅಪರೂಪ. ನಮ್ಮಲ್ಲೂ ಅಷ್ಟೇ, ಪರಮವೀರ ಚಕ್ರ ಪಡೆದ ವಾಯುಪಡೆಯವರು ನಿರ್ಮಲ್‌ಜಿತ್ ಸಿಂಗ್ ಸೆಖೋನ್ ಒಬ್ಬರೇ.

ಮಿನಾರ್ಸ್ಕಿಗೆ ಇದು ಘೋಷಣೆಯಾಗಿದ್ದು 1946ರ ಅಕ್ಟೋಬರ್ 11ಕ್ಕೆ. ಪದಕವನ್ನು ಅವನ ತಾಯಿ ಆ್ಯನಾ ಅವರಿಗೆ ಕೊಟ್ಟರು.

ಸತ್ತಿದ್ದು 1944, ಪದಕ 1946. ಎರಡು ವರ್ಷ ಏನು ಮಾಡ್ತಿದ್ದರು?

ಸರಕಾರ ಮಲಗಿತ್ತು ಅಂತ ಬೈಯುವವರಿದ್ದಾರೆ. ಕಾರಣ ಸರಳ. ಆ ಬೆಂಕಿಯಲ್ಲಿ ನಡೆದದ್ದನ್ನು ಕಂಡವನು ಬ್ರೋಫಿ ಒಬ್ಬನೇ. ಮುಂದಿದ್ದ ಐವರಿಗೆ ಹಿಂದೆ ಏನಾಯಿತು ಅಂತಲೇ ಗೊತ್ತಿರಲಿಲ್ಲ, ಅವರು ತಮ್ಮ ಪಾಡಿಗೆ ಮುಂದಿನಿಂದ ಹಾರಿದ್ದರು. ಆಮೇಲೆ ಒಬ್ಬೊಬ್ಬರು ಒಂದೊಂದು ದಿಕ್ಕಾದರು. 1945ರಲ್ಲಿ ಡಿ ಬ್ರೇನ್‌ಗೂ ಬ್ರೋಫಿಗೂ ಮತ್ತೆ ಭೇಟಿಯಾಗಿ ಪೂರ್ತಿ ಕಥೆ ಹೊರಗೆ ಬಂತು. ಕ್ಯಾಪ್ಟನ್ ಆಗಿದ್ದ ಡಿ ಬ್ರೇನ್ ಅಲ್ಲಿಂದ ಶಿಫಾರಸಿನ ಕೆಲಸ ಶುರು ಮಾಡಿದ.

ಒಬ್ಬನೇ ಸಾಕ್ಷಿ ಅಂದ್ರೆ ಹೇಗೆ ನಂಬೋದು? ಸಲ್ಯೂಟ್ ಎಲ್ಲ ಸಿನಿಮಾ ಥರ ಇದೆ.

ಕೇಳಬೇಕಾದ ಪ್ರಶ್ನೆಯೇ. ಎರಡು ಮಾತು ಹೇಳುತ್ತೇನೆ. ಬೆಂಕಿಯ ಮಾತಿಗೆ ಇರುವುದು ಬ್ರೋಫಿ ಒಬ್ಬನದೇ ಸಾಕ್ಷಿಯಲ್ಲ, ಮಿನಾರ್ಸ್ಕಿ ಉರಿಯುತ್ತಾ ಇಳಿದದ್ದನ್ನು ನೆಲದಲ್ಲಿದ್ದ ಫ್ರೆಂಚ್ ಜನರೂ ನೋಡಿದ್ದಾರೆ. ಬಾಗಿಲ ಪಕ್ಕದಲ್ಲಿದ್ದವನು ಸುಮ್ನೆ ಹಾರಿದ್ದರೆ ಸೊಂಟದವರೆಗೂ ಸುಡಬೇಕಾಗಿರಲಿಲ್ಲ. ಅಷ್ಟು ಸುಡುವಷ್ಟು ಹೊತ್ತು ಅವನು ಒಳಗೇ ಇದ್ದ ಅನ್ನುವುದನ್ನು ಆ ಗಾಯವೇ ಹೇಳುತ್ತದೆ. ಸಲ್ಯೂಟ್ ವಿಷಯಕ್ಕೆ ಬಂದರೆ, ಹೌದು, ಅದಕ್ಕೆ ಬ್ರೋಫಿಯ ಮಾತೊಂದೇ. ಆದರೆ ಅದು ಮೊದಲಿಂದ ಇದ್ದ ತಮಾಷೆ ಅನ್ನುವುದನ್ನು ಮರೆಯಬೇಡಿ. ಪರೇಡಿನ ಸಲ್ಯೂಟ್ ಆಗಿದ್ದರೆ ನನಗೂ ಅನುಮಾನ ಬರುತ್ತಿತ್ತು. ಇದು ಗೆಳೆಯನಿಗೆ ಎಂದಿನಂತೆ ಹೇಳಿದ ಗುಡ್ ನೈಟ್.

## ಸ್ವಲ್ಪ ಕಷ್ಟದ ಪ್ರಶ್ನೆಗಳು

ಬಿಡಿಸೋಕೇ ಆಗಲಿಲ್ಲ, ಬ್ರೋಫಿ ತಾನಾಗಿ ಬದುಕಿದ. ಹಾಗಾದ್ರೆ ಇವನ ಸಾವು ದಂಡ ಅಲ್ವಾ?

ಇದನ್ನು ಕೇಳುವಾಗ ಎಲ್ಲರೂ ಸ್ವಲ್ಪ ಹಿಂಜರಿಯುತ್ತಾರೆ. ಹಿಂಜರಿಯಬೇಕಾಗಿಲ್ಲ. ಲೆಕ್ಕ ನೋಡಿದರೆ ಹೌದು, ಅವನು ಹೋದದ್ದರಿಂದ ಬ್ರೋಫಿ ಬದುಕಿದ್ದಲ್ಲ, ಹೋಗದೇ ಇದ್ದರೂ ಬ್ರೋಫಿ ಬದುಕುತ್ತಿದ್ದ. ಪದಕದ ಪ್ರಶಸ್ತಿ ಪತ್ರವೇ ಇದನ್ನು ಮುಚ್ಚಿಡುವುದಿಲ್ಲ: ಅವನ ಪ್ರಯತ್ನ ಫಲ ಕೊಡಲಿಲ್ಲ ಅಂತ ಅದರಲ್ಲೇ ಇದೆ, ಗೆಳೆಯನಿಗಾಗಿ ನಿಲ್ಲದಿದ್ದರೆ ಅವನು ಸುರಕ್ಷಿತವಾಗಿ ಪಾರಾಗುತ್ತಿದ್ದ ಅನ್ನುವ ಬ್ರೋಫಿಯ ಸಾಕ್ಷಿಯೂ ಇದೆ.

ಆದರೆ ಈ ಲೆಕ್ಕ ನಾವು ಹಾಕುತ್ತಿರುವುದು ಕೊನೆ ಗೊತ್ತಾದ ಮೇಲೆ. ಉರಿಯುವ ವಿಮಾನದೊಳಗೆ ಮರ, ರೆಕ್ಕೆ, ಗೋಪುರ ಬಿಚ್ಚಿಕೊಳ್ಳುವುದು ಇದೆಲ್ಲ ಯಾರಿಗೆ ಗೊತ್ತಿತ್ತು? ಅವನಿಗೆ ಗೊತ್ತಿದ್ದದ್ದು ಎರಡೇ: ಗೆಳೆಯ ಸಿಕ್ಕಿಕೊಂಡಿದ್ದಾನೆ, ಕೈಯಲ್ಲಿ ಕೊಡಲಿ ಇದೆ. ಅಲ್ಲಿ ಸಿಕ್ಕಿಕೊಂಡಿದ್ದ ಬ್ರೋಫಿಗೆ ಇದು ದಂಡ ಅನಿಸಿತಾ? ಅವನು ಬದುಕಿರುವವರೆಗೂ ಈ ಕಥೆ ಹೇಳುತ್ತಲೇ ಇದ್ದ. ತನಗಾಗಿ ಒಬ್ಬ ಬೆಂಕಿಗೆ ಬಂದಿದ್ದ ಅನ್ನುವುದು ಅವನ ಪಾಲಿಗೆ ಸಣ್ಣ ಮಾತಾಗಿರಲಿಲ್ಲ.

ಊರ ಮೇಲೆ ಬಾಂಬ್ ಹಾಕೋರನ್ನ ವೀರ ಅನ್ನೋದು ಸರೀನಾ?

ಹ್ಯಾಂಬರ್ಗ್ 1943, ಡ್ರೆಸ್ಡನ್ 1945. ಬಾಂಬರ್‌ಗಳು ಸುಟ್ಟು ಹಾಕಿದ ಜರ್ಮನ್ ಊರುಗಳು ಇವು. ಈ ಎರಡು ಹೆಸರು ಬಂದ ಮೇಲೆ ಬಾಂಬರ್ ಕಮಾಂಡ್ ಬಗ್ಗೆ ಹಗುರವಾಗಿ ಮಾತಾಡಲು ಬರುವುದಿಲ್ಲ. ಸಾವಿರಾರು ಸಾಮಾನ್ಯ ಜನ, ಮಕ್ಕಳು ಮುದುಕರು ಸುಟ್ಟುಹೋದರು. ಕಾಂಬ್ರೇ ದಾಳಿ ರೈಲ್ವೆ ಮೇಲಿನದು ನಿಜ, ಆದರೂ ಇಂಥ ದಾಳಿಗಳಲ್ಲಿ ಹಳಿಯ ಪಕ್ಕದ ಮನೆಗಳಲ್ಲಿದ್ದ ಫ್ರೆಂಚರೂ ಸತ್ತರು, ತಮ್ಮನ್ನು ಬಿಡುಗಡೆ ಮಾಡಲು ಬಂದವರ ಬಾಂಬಿನಿಂದಲೇ.

ಕೆನಡಾದಲ್ಲೇ ಈ ಜಗಳ ಇನ್ನೂ ಮುಗಿದಿಲ್ಲ. ಒಟ್ಟಾವಾದ ಯುದ್ಧ ಮ್ಯೂಸಿಯಂನಲ್ಲಿ ಬಾಂಬ್ ದಾಳಿಗಳ ಬಗ್ಗೆ ಹಾಕಿದ್ದ ಒಂದು ಫಲಕದ ಮಾತು ಹಳೆಯ ಯೋಧರಿಗೆ ನೋವು ಮಾಡಿತು, 2007ರಲ್ಲಿ ಅದನ್ನು ಬದಲಾಯಿಸಬೇಕಾಯಿತು. ಲಂಡನ್ನಿನಲ್ಲಿ ಬಾಂಬರ್ ಕಮಾಂಡಿನ ಸತ್ತವರಿಗೆ ದೊಡ್ಡ ಸ್ಮಾರಕ ಎದ್ದಿದ್ದೇ 2012ರಲ್ಲಿ. ಅಷ್ಟು ವರ್ಷ ಎಲ್ಲರಿಗೂ ಮುಜುಗರ.

ನನ್ನ ಅಭಿಪ್ರಾಯ ಕೇಳಿದರೆ, ಆ ದಾಳಿಗಳನ್ನು ತೀರ್ಮಾನಿಸಿದವರನ್ನು ಪ್ರಶ್ನೆ ಮಾಡಿ, ಮಾಡಲೇಬೇಕು. ಮಿನಾರ್ಸ್ಕಿಗೆ ಪದಕ ಸಿಕ್ಕಿದ್ದು ಬಾಂಬ್ ಹಾಕಿದ್ದಕ್ಕಲ್ಲ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಮುಚ್ಚುವುದು ಎರಡೂ ಕಡೆಯವರ ಚಾಳಿ.

ಇಂಥ ಬಾಂಬರ್‌ಗಳಿಗೂ ನಮ್ಮ ಬೆಂಗಳೂರಿಗೂ ಏನಾದ್ರೂ ನಂಟಿದೆಯಾ?

ಮಿನಾರ್ಸ್ಕಿಗೆ ಇಲ್ಲ. ಆ ಕಾಲದ ದೊಡ್ಡ ಬಾಂಬರ್‌ಗಳಿಗೆ ಇದೆ, ಚೆನ್ನಾಗಿಯೇ ಇದೆ. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಅಮೆರಿಕದ ಲಿಬರೇಟರ್ ಬಾಂಬರ್‌ಗಳನ್ನು ಮತ್ತೆ ಹಾರದಂತೆ ಕೆಡಿಸಿ ಬಿಟ್ಟುಹೋಗಿದ್ದರು. ನಮ್ಮ ಬೆಂಗಳೂರಿನ ಎಚ್‌ಎಎಲ್‌ನವರು ಅಂಥ ಗುಜರಿಯನ್ನೇ ಅಲ್ಲಿಂದ ಹಾರಿಸಿಕೊಂಡು ಬಂದು, ರಿಪೇರಿ ಮಾಡಿ, ಭಾರತೀಯ ವಾಯುಪಡೆಗೆ ಕೊಟ್ಟರು. 1960ರ ದಶಕದ ಕೊನೆಯವರೆಗೂ ಅವು ಹಾರಿದವು. ಬೇರೆ ದೇಶಗಳಲ್ಲಿ ಅಷ್ಟರಲ್ಲಿ ಹೆಚ್ಚಿನವು ಕರಗಿಹೋಗಿದ್ದವು, ಹಾಗಾಗಿ ಇಂಗ್ಲೆಂಡ್, ಕೆನಡಾದ ಮ್ಯೂಸಿಯಂಗಳು ನಮ್ಮಿಂದಲೇ ಲಿಬರೇಟರ್ ಕೇಳಿ ತೆಗೆದುಕೊಂಡು ಹೋದವು. ಒಟ್ಟಾವಾದ ವಿಮಾನ ಮ್ಯೂಸಿಯಂಗೆ ಹೋದರೆ ಅದನ್ನು ಮಾತಾಡಿಸಿ ಬನ್ನಿ.

ಮಿನಾರ್ಸ್ಕಿಯ ವಿಮಾನ ಈಗ ನೋಡೋಕೆ ಸಿಗುತ್ತಾ?

ಅದೇ ವಿಮಾನ ಅಂದು ಪುಡಿಯಾಯಿತು. ಆದರೆ ಕೆನಡಾದ ಹ್ಯಾಮಿಲ್ಟನ್ ಊರಿನ ವಾರ್‌ಪ್ಲೇನ್ ಹೆರಿಟೇಜ್ ಮ್ಯೂಸಿಯಂನಲ್ಲಿ ಇನ್ನೊಂದು ಲ್ಯಾಂಕಾಸ್ಟರ್ ಇದೆ. ಅದಕ್ಕೆ ಮಿನಾರ್ಸ್ಕಿಯ ವಿಮಾನದ ವಿಆರ್-ಎ ಅಕ್ಷರಗಳನ್ನೇ ಬರೆದು, ಅವನ ಹೆಸರಿಟ್ಟಿದ್ದಾರೆ. ಏಳು ಸಾವಿರಕ್ಕೂ ಜಾಸ್ತಿ ಲ್ಯಾಂಕಾಸ್ಟರ್ ತಯಾರಾಗಿದ್ದವು, ಈಗ ಹಾರುವ ಸ್ಥಿತಿಯಲ್ಲಿ ಉಳಿದಿರುವುದು ಎರಡೇ, ಅದರಲ್ಲಿ ಇದೊಂದು. 2014ರಲ್ಲಿ ಅಟ್ಲಾಂಟಿಕ್ ದಾಟಿ ಇಂಗ್ಲೆಂಡಿಗೆ ಹೋಗಿ ಅಲ್ಲಿನ ಇನ್ನೊಂದರ ಜೊತೆ ಹಾರಿತ್ತು, ವಿಡಿಯೊ ಸಿಗುತ್ತದೆ, ಸದ್ದು ಜೋರು ಮಾಡಿ ನೋಡಿ. ಹೊರಟ ನೆಲೆಯಾದ ಮಿಡ್ಲ್‌ಟನ್ ಸೇಂಟ್ ಜಾರ್ಜ್ ಈಗ ಪ್ರಯಾಣಿಕರ ವಿಮಾನ ನಿಲ್ದಾಣ. 2005ರಿಂದ ಅಲ್ಲಿ ಅವನ ಕಂಚಿನ ಪ್ರತಿಮೆ ಇದೆ, ಸಲ್ಯೂಟ್ ಹೊಡೆಯುತ್ತಿರುವುದು. ವಿನಿಪೆಗ್‌ನಲ್ಲಿ ಅವನ ಹೆಸರಿನ ಶಾಲೆ ಇದೆ.

ನಮ್ಮ ಕಡೆಯವರೂ ಯಾರೋ ಆ ಯುದ್ಧದಲ್ಲಿ ಸತ್ತರಂತೆ. ಹುಡುಕೋದು ಹೇಗೆ?

ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಅನ್ನುವ ಸಂಸ್ಥೆಯ ವೆಬ್‌ಸೈಟಿನಲ್ಲಿ ಹೆಸರು ಹಾಕಿ ಹುಡುಕಬಹುದು, ದುಡ್ಡು ಕೊಡಬೇಕಾಗಿಲ್ಲ. ಆಗಿನ ಭಾರತೀಯ ಸೇನೆ, ವಾಯುಪಡೆಯವರ ಹೆಸರುಗಳೂ ಅದರಲ್ಲಿವೆ. ಹೆಸರಿನ ಇಂಗ್ಲಿಷ್ ಕಾಗುಣಿತವನ್ನು ನಾಲ್ಕೈದು ಥರ ಬದಲಾಯಿಸಿ ನೋಡಿ, ಆಗಿನ ಗುಮಾಸ್ತರು ನಮ್ಮ ಹೆಸರುಗಳನ್ನು ಕಿವಿಗೆ ಬಿದ್ದ ಹಾಗೆ ಬರೆದಿದ್ದಾರೆ. ಸೇವೆಯ ನಂಬರ್ ಇರುವ ಹಳೇ ಕಾಗದ, ಪದಕ, ಪಿಂಚಣಿ ಪತ್ರ ಏನಾದರೂ ಮನೆಯಲ್ಲಿದ್ದರೆ ಮೊದಲು ಅದನ್ನು ಹುಡುಕಿ ಇಟ್ಟುಕೊಳ್ಳಿ. ಪದಕದ ಅಂಚಿನಲ್ಲೇ ಹೆಸರು, ನಂಬರ್ ಕೊರೆದಿರುವುದುಂಟು. ಸಮಾಧಿ ಸಿಗದ ವಾಯುಪಡೆಯವರಾದರೆ ಹೆಸರು ಯಾವುದಾದರೂ ಸ್ಮಾರಕದ ಗೋಡೆಯ ಮೇಲೆ ಇರುತ್ತದೆ, ಯಾವ ಫಲಕ ಅನ್ನುವುದನ್ನೂ ಅದೇ ಪುಟ ತೋರಿಸುತ್ತದೆ.